ಹೊಳೆ ದಾಟುವ ಕುರಿಗಳ ಫೋಟೋ

ನಾನು ಆಗ ಬೆಳಗಾವಿಯ ಹೊಲಿಗೆ ಯಂತ್ರದ ಅಂಗಡಿಯೊಂದರಲ್ಲಿ ಮಿಸ್ತ್ರಿಯಾಗಿದ್ದೆ. ಅಂಗಡಿಯಿಂದ ಹೋದ ಯಂತ್ರಗಳು ಯಾವ ಯಾವ ಊರಿನಲ್ಲಿದ್ದವೋ ಅಲ್ಲಿಗೆ ಹೋಗಿ, ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಸವೆದ ಭಾಗ ಬದಲಿಸಿ ಬರುವುದು ನನ್ನ ಕೆಲಸ. ತಿಂಗಳಿಗೊಂದು ಫೇರಿ. ಹುಕ್ಕೇರಿ, ಅಲ್ಲಿಂದ ಗೋಕಾಕ, ಗೋಕಾಕದಿಂದ ಮೂಡಲಗಿ. ತಿರುಗಿ ಮನೆ ಸೇರುವಷ್ಟರಲ್ಲಿ ಎಂಟು ಹತ್ತು ದಿನ. ಯುದ್ಧ ನಡೆದಿದ್ದರಿಂದ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರು. ಏರು ಬಂದಲ್ಲಿ ನಾವೆಲ್ಲ ಇಳಿದು ನಡೆಯುತ್ತಿದ್ದೆವು. ಗೋಕಾಕದಿಂದ ಮುಂದಕ್ಕೆ ನನ್ನ ಸೈಕಲ್ಲು.

ಕ್ಯಾಮೆರಾ ನನ್ನ ಕೈಗೆ ಬಂದದ್ದು ಘಟಪ್ರಭಾ ಸ್ಟೇಶನ್ನಿನಲ್ಲಿ. ಅಲ್ಲಿಯ ರೈಲ್ವೆ ಗಾರ್ಡ್ ಒಬ್ಬನ ಹೆಂಡತಿಯ ಯಂತ್ರ ಹೊಲಿಗೆ ಬಿಡುತ್ತಿತ್ತು. ಎರಡು ಸಲ ಹೋಗಿ ಸರಿಪಡಿಸಿದೆ. ಬೇರೆ ಊರಿಗೆ ಬದಲಿಯಾಗಿ ಹೋಗುವಾಗ ಅವನು ತನ್ನ ಹಳೆಯ ಡಬ್ಬಿ ಕ್ಯಾಮೆರಾವನ್ನು ನನಗೆ ಕೊಟ್ಟ. ಎದೆಯ ಹತ್ತಿರ ಹಿಡಿದು, ಮೇಲಿನ ಸಣ್ಣ ಗಾಜಿನಲ್ಲಿ ಬಗ್ಗಿ ನೋಡಬೇಕು. ಎಡಕ್ಕಿದ್ದದ್ದು ಬಲಕ್ಕೆ ಕಾಣುತ್ತಿತ್ತು. ಒಂದು ರೋಲಿಗೆ ಎಂಟೇ ಫೋಟೋ. ಆ ರೋಲೂ ಸುಲಭವಾಗಿ ಸಿಗುತ್ತಿರಲಿಲ್ಲ. ಹೀಗಾಗಿ ಬಹಳ ಹೊತ್ತು ನೋಡಿ, ಬಹಳ ಕಡಿಮೆ ತೆಗೆಯುತ್ತಿದ್ದೆ. ಗೋಕಾಕದ ಜಲಪಾತದ ಮೇಲಿನ ತೂಗುಸೇತುವೆಯಲ್ಲಿ ಗಿರಣಿಯ ಕೆಲಸಗಾರರು ಸಾಲಾಗಿ ಹೋಗುವುದನ್ನು ತೆಗೆದೆ. ಕಟ್ಟಿಗೆಯ ಮಾವಿನಹಣ್ಣುಗಳಿಗೆ ಬಣ್ಣ ಹಚ್ಚಿ ಒಣಗಲು ಇಟ್ಟಿದ್ದನ್ನು ತೆಗೆದೆ. ಅವು ಖರೆ ಹಣ್ಣುಗಳಲ್ಲ ಎಂದು ನನ್ನ ಹೆಂಡತಿ ಫೋಟೋ ನೋಡಿ ನಂಬಲೇ ಇಲ್ಲ.

ಊರೂರು ತಿರುಗುವವನ ಕೈಯಲ್ಲಿ ಕರಿಯ ಡಬ್ಬಿ ಕಂಡರೆ ಜನಕ್ಕೆ ಸಂಶಯ. ಹುಕ್ಕೇರಿಯ ಹಳೆಯ ಗುಮ್ಮಟದ ಮುಂದೆ ಒಬ್ಬ ಹೆಣ್ಣುಮಗಳು ಮೆಣಸಿನಕಾಯಿ ಹರವಿದ್ದಳು. ಅಷ್ಟು ಕೆಂಪು, ಅದರ ಹಿಂದೆ ಅಷ್ಟು ಕಪ್ಪು ಕಲ್ಲು. ಫೋಟೋದಲ್ಲಿ ಬಣ್ಣ ಬರುವುದಿಲ್ಲವೆಂದು ಗೊತ್ತಿದ್ದೂ ಡಬ್ಬಿ ಎತ್ತಿದೆ. ಅವಳು ಕಸಬರಿಗೆ ಹಿಡಿದೇ ಬಂದಳು.

"ಕಾಯಿ ಎಷ್ಟ ಅದಾವಂತ ಬರಕೊಂಡ ಹೋಗಾಕ ಬಂದಿ ಏನ? ನಿನ್ನೆ ಜ್ವಾಳಾ ಕೇಳಾಕ ಬಂದಿದ್ರು, ಇವತ್ತ ಮೆಣಸಿನಕಾಯಿ?"

ಯುದ್ಧಕ್ಕೆಂದು ಸರಕಾರ ಕಾಳು ಎತ್ತುತ್ತಿದ್ದ ದಿನಗಳು. ನಾನು ಸರಕಾರದವನಲ್ಲ ಎಂದು ಎಷ್ಟು ಹೇಳಿದರೂ ನನ್ನ ಚೀಲ ಬಿಚ್ಚಿ ತೋರಿಸುವವರೆಗೆ ಅವಳು ಬಿಡಲಿಲ್ಲ. ಆಮೇಲೂ ನಂಬಿದಳೆಂದು ನನಗೆ ಅನಿಸಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಬ್ರಿಟಿಷರಿಗೆ ದೇಶ ಬಿಟ್ಟು ಹೋಗಿ ಎನ್ನುವ ಚಲೇ ಜಾವ್ ಚಳವಳಿ ಶುರುವಾಗಿತ್ತು. ನಮ್ಮ ಕಡೆ ಅಲ್ಲಲ್ಲಿ ತಾರಿನ ತಂತಿ ಕಡಿಯುವುದು, ಚಾವಡಿಯ ಕಾಗದ ಸುಡುವುದು ನಡೆದೇ ಇತ್ತು. ಬಿಳಿ ಟೊಪ್ಪಿಗೆಯವನನ್ನು ಪೊಲೀಸರು ಸಂಶಯದಿಂದ ನೋಡಿದರೆ, ಟೊಪ್ಪಿಗೆ ಇಲ್ಲದ ಪರ ಊರಿನವನನ್ನು ಹಳ್ಳಿಯವರು ಸಂಶಯದಿಂದ ನೋಡುತ್ತಿದ್ದರು. ನಾನು ಬರಿದಲೆಯವನು.

ಚಳಿಗಾಲದ ಒಂದು ಬೆಳಿಗ್ಗೆ ಗೋಕಾಕದಿಂದ ಮೂಡಲಗಿಗೆ ಹೊರಟಿದ್ದೆ. ಮೇಲವಂಕಿಯ ಹತ್ತಿರ ಹೊಳೆಯ ನೀರು ಇಳಿದಿತ್ತು. ಕುರುಬರು ಕುರಿ ದಾಟಿಸುತ್ತಿದ್ದರು. ಇನ್ನೂರಕ್ಕೆ ಕಡಿಮೆ ಇರಲಿಲ್ಲ. ಮುಂದಿನ ಟಗರು ನಡುಹೊಳೆಯಲ್ಲಿ ಹಟ ಹಿಡಿದು ನಿಂತುಬಿಟ್ಟಿತ್ತು. ಹಿಂದಿನವೆಲ್ಲ ಅದರ ಮೇಲೆ ಒತ್ತಿಕೊಂಡು ಬಂದು ನೀರೇ ಕಾಣದಂತಾಗಿತ್ತು. ಒಬ್ಬ ಮುದುಕ ಎರಡು ಮರಿಗಳನ್ನು ಕುತ್ತಿಗೆಯ ಸುತ್ತ ಹಾಕಿಕೊಂಡು, ಟಗರಿನ ಕೋಡು ಹಿಡಿದು ಏನೋ ಹೇಳುತ್ತಿದ್ದ. ನಾನು ದಂಡೆಯ ಬಂಡೆ ಹತ್ತಿ, ಉಸಿರು ಹಿಡಿದು, ಒತ್ತಿದೆ.

ಕುರಿಗಳ ನಡುವಿನಿಂದ ಕಂಬಳಿ ಹೊದ್ದ ಒಬ್ಬ ನೆಟ್ಟಗೆ ನನ್ನ ಕಡೆ ಬಂದ. ಮೂವತ್ತರ ಆಸುಪಾಸಿನವನು. ಕುರುಬರಂತೆ ಕಂಬಳಿ ಹೊದ್ದಿದ್ದನೇ ಹೊರತು ಬರಿಗಾಲಿನಲ್ಲಿ ಕಲ್ಲು ತುಳಿದು ಅಭ್ಯಾಸವಿರಲಿಲ್ಲ. ಹೆಜ್ಜೆಗೊಮ್ಮೆ ಮುಖ ಕಿವುಚುತ್ತಿದ್ದ. ಅದನ್ನು ನೋಡಿಯೇ ನನಗೆ ಇವನು ಕುರುಬನಲ್ಲ ಎನಿಸಿತು.

"ಏನ ಹಿಡದ್ರಿ ಅದರಾಗ?"

"ಕುರಿ."

"ಕುರಿ ಅಷ್ಟನೋ, ಮಂದೀನೂ ಬಂದಾರೋ?"

"ಮಂದಿ ಸಣ್ಣಾಗಿ ಬಂದಿರತಾರ. ಗುರತ ಸಿಗೂದಿಲ್ರಿ."

"ಯಾರ ಕಳಿಸ್ಯಾರ ನಿಮ್ಮನ್ನ?"

"ಯಾರೂ ಕಳಿಸಿಲ್ಲ. ನಾ ಮಶೀನ ಮಿಸ್ತ್ರಿ. ಮೂಡಲಗಿಗೆ ಹೊಂಟೇನಿ."

ಅವನು ನನ್ನ ಚೀಲ ಬಿಚ್ಚಿ ಒಂದೊಂದೇ ಸಾಮಾನು ತೆಗೆದು ನೋಡಿದ. ಎಣ್ಣೆಯ ಡಬ್ಬಿಯನ್ನು ಮೂಗಿಗೆ ಹಿಡಿದ. ಮೂಡಲಗಿಯಲ್ಲಿ ಯಾರ ಮನೆಗೆ ಎಂದು ಕೇಳಿದ. ಪೇಟೆಯ ಸಿಂಪಿಗರ ಅಂಗಡಿಗೆ ಎಂದೆ. ಅವನ ಕೈ ನಿಂತಿತು. ತೆಗೆದದ್ದನ್ನೆಲ್ಲ ತಿರುಗಿ ಚೀಲದೊಳಗಿಟ್ಟು, ಹೊಳೆಗೆ ಇಳಿದು ಹೋದ.

ಮೂಡಲಗಿಯ ಆ ಸಿಂಪಿಗರಿಗೆ ಐವತ್ತು ದಾಟಿತ್ತು. ನಾನು ಕಾಕಾ ಎನ್ನುತ್ತಿದ್ದೆ. ಎರಡು ಯಂತ್ರ ಇಟ್ಟುಕೊಂಡಿದ್ದರು. ನಾನು ಹೋದರೆ ಮೊದಲು ನೀರು ಬೆಲ್ಲ ಕೊಟ್ಟು, ಊರ ಸುದ್ದಿಯನ್ನೆಲ್ಲ ಹೇಳಿ, ಆಮೇಲೆ ಯಂತ್ರದ ಮಾತು ತೆಗೆಯುತ್ತಿದ್ದರು. ಆ ದಿನ ನಾನು ಸೈಕಲ್ಲು ನಿಲ್ಲಿಸುತ್ತಿರುವಾಗಲೇ ಕೇಳಿದರು:

"ಹೊಳ್ಯಾಗ ಫೋಟೋ ತಗದ್ರೆಂತಲ್ರಿ ಮಿಸ್ತ್ರಿ?"

ನಾನು ಹಾದಿಯಲ್ಲಿ ಒಂದು ಕಡೆ ಚಹಾಕ್ಕೆ ನಿಂತದ್ದು ಬಿಟ್ಟರೆ ನೆಟ್ಟಗೆ ಬಂದವನು. ನನಗಿಂತ ಮೊದಲು ಆ ಸುದ್ದಿ ಹೇಗೆ ಬಂತು?

"ಯಾರ ಹೇಳಿದ್ರು ಕಾಕಾ?"

"ಹಾದ್ಯಾಗ ಓಡಾಡೋ ಮಂದಿ ಹೇಳತಾರಪಾ. ಎಲ್ಲೆ ತೊಳಸ್ತೀರಿ ಅದನ್ನ?"

"ಬೆಳಗಾವ್ಯಾಗ."

"ಇಲ್ಲೇ ಕೊಟ್ಟ ಹೋಗ್ರಿ. ನಾ ಜ್ವಾಕಿ ಮಾಡತೇನಿ."

ತೊಳೆಯದ ಫಿಲ್ಮು ಜೋಪಾನ ಮಾಡಿ ಏನು ಮಾಡುತ್ತೀರಿ ಎಂದು ನಾನು ನಕ್ಕೆ. ಅವರು ನಗಲಿಲ್ಲ. ನಾನು ಯಂತ್ರ ಬಿಚ್ಚಲು ಕೂತೆ. ಸೂಜಿಯ ಕೆಳಗಿನ ತಗಡು ತೆಗೆದರೆ ಅದರಡಿ ಬಟ್ಟೆಯ ಧೂಳು ಕೂತಿರುತ್ತದೆ. ಸಿಂಪಿಗ ತಿಂಗಳೆಲ್ಲ ಏನು ಹೊಲಿದಿದ್ದಾನೆಂದು ಮಿಸ್ತ್ರಿಗೆ ಅದೇ ಹೇಳುತ್ತದೆ. ಅವತ್ತು ಅಲ್ಲಿದ್ದದ್ದು ದಪ್ಪ ಖಾದಿಯ ಎಳೆ. ಕೇಸರಿ, ಬಿಳಿ, ಹಸಿರು. ನಾನು ತಲೆ ಎತ್ತಿದೆ. ಕಾಕಾ ನನ್ನನ್ನೇ ನೋಡುತ್ತಿದ್ದರು. ಕುಂಚದಿಂದ ಗುಡಿಸಿ, ಉಫ್ ಎಂದು ಊದಿ, ಎಣ್ಣೆ ಬಿಟ್ಟು ತಗಡು ಮುಚ್ಚಿದೆ. ಬೆಲ್ಲ ಕೊಡುವುದನ್ನು ಅವತ್ತು ಅವರು ಮರೆತರು.

ಬೆಳಗಾವಿಯಲ್ಲಿ ನನ್ನ ಫಿಲ್ಮು ತೊಳೆಯುತ್ತಿದ್ದವರು ಒಬ್ಬ ಸ್ಟುಡಿಯೋದ ಮಾಲೀಕರು. ಆ ಫೋಟೋ ನೋಡಿ ಅವರಿಗೆ ಬಹಳ ಸಂತೋಷವಾಯಿತು. ನನಗೊಂದು ಸಣ್ಣ ಪ್ರತಿ ಕೊಟ್ಟು, ನೆಗೆಟಿವ್ ಸದ್ಯಕ್ಕೆ ತಮ್ಮಲ್ಲಿರಲಿ ಎಂದರು. ಮನೆಯಲ್ಲಿ ಹೆಂಡತಿ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಎಲ್ಲಾರೂ ಕುರಿ ನೋಡಾಕತ್ತಾರ. ಇವನೊಬ್ಬ ನಿಮ್ಮನ್ನ ನೋಡಾಕತ್ತಾನ ನೋಡ್ರಿ," ಎಂದಳು.

ಖರೆ. ಟಗರಿನ ಬಲಕ್ಕೆ ಕಂಬಳಿಯೊಳಗಿಂದ ಆ ಬರಿಗಾಲಿನವನ ಮುಖ ನೆಟ್ಟಗೆ ನನ್ನ ಕಡೆ ತಿರುಗಿತ್ತು. ಗುರುತು ಸಿಗುವುದಿಲ್ಲ ಎಂದಿದ್ದೆ. ಹುಬ್ಬು ಸಹ ಗುರುತಿಸುವಂತೆ ಬಂದಿತ್ತು. ಆ ಪ್ರತಿಯನ್ನು ಟ್ರಂಕಿನಲ್ಲಿ ಬಟ್ಟೆಯ ಅಡಿಗೆ ಇಟ್ಟೆ.

ಮುಂದಿನ ಫೇರಿಗೆ ಗೋಕಾಕಕ್ಕೆ ಮೊದಲು ಹೊರಟೆ. ಅಂಕಲಗಿಯಲ್ಲಿ ಬಸ್ಸು ನಿಂತಾಗ ಇಬ್ಬರು ಪೊಲೀಸರು ಹತ್ತಿದರು.

"ಫೋಟೋ ತಗ್ಯಾಂವ ಯಾರ ಇದರಾಗ?"

ಬಾಜೂ ಕೂತಿದ್ದ ವ್ಯಾಪಾರಿ, ದಾರಿಯುದ್ದಕ್ಕೂ ನನ್ನ ಹೆಗಲಿಗೆ ಒರಗಿ ತೂಕಡಿಸಿದವನು, ಎದ್ದು ಹಿಂದಿನ ಸೀಟಿಗೆ ಹೋದ. ಅವರು ನನ್ನ ಚೀಲ ತೆಗೆದುಕೊಂಡು, ಗೋಕಾಕದವರೆಗೆ ನನ್ನ ಎರಡೂ ಕಡೆ ಕೂತರು.

ಗೋಕಾಕದ ಠಾಣೆಯಲ್ಲಿ ಫೌಜದಾರರ ಮೇಜಿನ ಮೇಲೆ ನನ್ನ ಕುರಿಗಳಿದ್ದವು. ಸಾಲಿ ಹುಡುಗರು ಬರೆಯುವ ಪಾಟಿಯಷ್ಟು ದೊಡ್ಡ ಪ್ರತಿ. ಅಷ್ಟು ದೊಡ್ಡದಾಗಿ ನಾನೇ ಅದನ್ನು ನೋಡಿರಲಿಲ್ಲ.

"ಇವ ಯಾರ?" ಬೆರಳು ಬರಿಗಾಲಿನವನ ಮೇಲಿತ್ತು.

"ಕುರುಬರ ಪೈಕಿ ಇರಬೇಕ್ರಿ ಸಾಹೇಬ್ರ."

"ಮಾತಾಡಿದೆಂತಲ್ಲ?"

"ಬೈದ್ರು. ಫೋಟೋ ಯಾಕ ತಗದಿ ಅಂತ."

ಗಿರಾಕಿಗಳಿಗೆ ತೋರಿಸಲೆಂದು ಇಪ್ಪತ್ತು ಫೋಟೋಗಳ ಒಂದು ಲಕೋಟೆ ಯಾವಾಗಲೂ ನನ್ನ ಚೀಲದಲ್ಲಿರುತ್ತಿತ್ತು. ಫೌಜದಾರರು ಅವನ್ನು ಒಂದೊಂದಾಗಿ ಸಾಲು ಹಚ್ಚಿದರು. ತೂಗುಸೇತುವೆ. ಗಿರಣಿಯ ಚಿಮಣಿ. ಘಟಪ್ರಭೆಯ ರೈಲ್ವೆ ಸೇತುವೆ. ಸ್ಟೇಶನ್ನಿನ ನೀರಿನ ಟಾಕಿ. ಹುಕ್ಕೇರಿಯ ಗುಮ್ಮಟದ ಮೇಲಿಂದ ಕಾಣುವ ಮೂರು ದಾರಿ. ಮಾವಿನಹಣ್ಣು, ಮೆಣಸಿನಕಾಯಿಯ ಫೋಟೋಗಳನ್ನು ಬದಿಗಿಟ್ಟರು.

"ಇದ ಫೋಟೋದ ಹುಚ್ಚೋ, ನಕಾಶೇನೋ? ಯಾರಿಗೆ ಕೊಡಾಕ ತಗದಿ?"

ನಾನು ಅವರ ಕಡೆಯಿಂದ ಆ ಸಾಲನ್ನು ನೋಡಿದೆ. ಸುಳ್ಳಲ್ಲ. ಯಾವನೋ ಒಬ್ಬ ಏನನ್ನೋ ಕೆಡವಲು ಲೆಕ್ಕ ಹಾಕಿ ತೆಗೆದಂತೆಯೇ ಇತ್ತು. ಒಂದೊಂದನ್ನೂ ಯಾಕೆ ತೆಗೆದೆನೆಂದು ನನಗೆ ಗೊತ್ತಿತ್ತು. ನೀರಿನ ಟಾಕಿಯ ಮೇಲೆ ಅವತ್ತು ಕೊಕ್ಕರೆಗಳು ಕೂತಿದ್ದವು. ಫೋಟೋದಲ್ಲಿ ಅವು ಚುಕ್ಕೆಗಳಾಗಿ ಬಂದಿದ್ದವು. ಕೊಕ್ಕರೆಗೆಂದು ತೆಗೆದೆ ಎಂದು ಫೌಜದಾರರಿಗೆ ಹೇಳುವ ಧೈರ್ಯವಾಗಲಿಲ್ಲ.

ಮಧ್ಯಾಹ್ನದವರೆಗೆ ಕೇಳಿದ್ದನ್ನೇ ಕೇಳಿದರು. ಆಮೇಲೆ ದನಿ ತಗ್ಗಿಸಿ ಬೇರೆ ಮಾತು ತೆಗೆದರು.

"ಎಲ್ಲಾ ಸಿಂಪಿಗರ ಮಶೀನ ಬಿಚ್ಚಾಂವ ನೀ. ಯಾವ ಮಶೀನದಾಗ ಯಾವ ಬಣ್ಣದ ದಾರ ಐತಿ, ನಿನಗ ಗೊತ್ತಿಲ್ಲದ ಇರತೈತೇನು? ತಿಂಗಳಿಗೊಮ್ಮೆ ಬಂದ ಹೇಳಿ ಹೋಗು. ಡಬ್ಬಿ ತಿರುಗಿ ಕೊಡತೇನಿ."

ಯಾರು ಹೇಳಿದರು ಇವರಿಗೆ?

"ಎಲ್ಲಾ ಮಶೀನದಾಗೂ ಅರಿವಿ ಧೂಳ ಇರತೈತ್ರಿ ಸಾಹೇಬ್ರ. ಬಣ್ಣಾ ನೋಡಕೋತ ಕೂತರ ಕೆಲಸ ಆಗೂದಿಲ್ಲ."

ಅವರು ಒಪ್ಪಲಿಲ್ಲ, ಹೊಡೆಯಲೂ ಇಲ್ಲ. ಸಂಜೆಗೆ ಬಿಟ್ಟರು. ಕ್ಯಾಮೆರಾ, ಲಕೋಟೆ ಅಲ್ಲೇ ಉಳಿದವು. ಹೊರಡುವಾಗ ನಾನು ತಡೆಯಲಾರದೆ ಕೇಳಿದೆ: "ಈ ಫೋಟೋ ನಿಮಗ ಯಾರ ಕೊಟ್ರು?"

"ನಿನ್ನ ಮಂದೀನ ಕೊಟ್ಟಾರ," ಎಂದರು ಫೌಜದಾರರು, ಕಾಗದದಿಂದ ಕಣ್ಣೆತ್ತದೆ.

ಮರುದಿನ ಮೂಡಲಗಿಯ ದಾರಿಯುದ್ದಕ್ಕೂ ಅದೇ ಯೋಚನೆ. ನನ್ನ ಮಂದಿ ಯಾರು? ಸ್ಟುಡಿಯೋದವರಿಗೆ ಅದು ಬರೀ ಕುರಿಯ ಫೋಟೋ; ಅದರಲ್ಲಿ ಬೇರೇನೋ ಇದೆಯೆಂದು ಕಾಕಾ ಬಿಟ್ಟು ಯಾರಿಗೂ ಗೊತ್ತಿಲ್ಲ. ಎಲ್ಲಿ ತೊಳೆಸುತ್ತೀರಿ ಎಂದು ಕೇಳಿದವರೂ ಅವರೇ. ದಾರದ ಬಣ್ಣ ನಾನು ನೋಡಿದೆನೆಂದು ತಿಳಿದವರೂ ಅವರೇ. ನಾನು ಬಾಯಿ ಬಿಡುವುದರೊಳಗೆ ನನ್ನನ್ನೇ ಮುಗಿಸೋಣವೆಂದು ಮಾಡಿದ್ದಾರೆ. ಹೊಳೆ ದಾಟುವ ಹೊತ್ತಿಗೆ ನನಗದು ಖಾತ್ರಿಯಾಗಿತ್ತು.

ಅಂಗಡಿಯ ಒಂದು ಬಾಗಿಲು ಮುಚ್ಚಿತ್ತು. ಕಾಕಾನ ಹೆಂಡತಿ ಹೊರಗೆ ಅಕ್ಕಿ ಹಸನು ಮಾಡುತ್ತ ಕೂತಿದ್ದವರು ನನ್ನನ್ನು ಕಂಡು ಮೊರ ಎತ್ತಿಕೊಂಡು ಒಳಗೆ ಹೋದರು. ಕಾಕಾ ಹೊಲಿಯುತ್ತಿದ್ದರು. ಚಕ್ರ ನಿಲ್ಲಿಸಲಿಲ್ಲ.

"ನನ್ನ ಮಶೀನ ಚೊಲೊ ಅದಾವ. ಮುಟ್ಟಬ್ಯಾಡ್ರಿ."

"ನಾ ಮಶೀನಕ್ಕ ಬಂದಿಲ್ಲ ಕಾಕಾ. ನನ್ನ ಫೋಟೋ ಪೊಲೀಸರ ಕೈಯಾಗ ಹೆಂಗ ಹೋತು, ಅದ ಕೇಳಾಕ ಬಂದೇನಿ. ನಿಮ್ಮನ್ನ ಬಿಟ್ರ ಯಾರಿಗೂ ಗೊತ್ತಿರಲಿಲ್ಲ."

ಆಗ ಚಕ್ರ ನಿಂತಿತು. ಕಾಕಾ ಕನ್ನಡಕ ತೆಗೆದರು.

"ನಮ್ಮ ಮನ್ಯಾಕಿ ತಮ್ಮನ್ನ ಹಿಡಕೊಂಡ ಹೋಗಿ ಹನ್ನೆರಡ ದಿವಸ ಆತು. ನೀವ ಹೊಳ್ಯಾಗ ಹಿಡದ್ರೆಲ್ಲ, ಅವನ. ಫೋಟೋ ಇದ್ದದ್ದು ಯಾರ ಕಡೆ? ನನ್ನ ಕಡೆನೋ, ನಿಮ್ಮ ಕಡೆನೋ?"

ನಾನು ಗೋಕಾಕದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಅವನ್ನ ಹಿಡದ್ರು. ನಿಮ್ಮನ್ನ ಬಿಟ್ರು. ಯಾಕ ಬಿಟ್ರು, ಅದೊಂದ ಹೇಳ್ರಿ ಮಿಸ್ತ್ರಿ."

ನಾನು ಫೌಜದಾರರಿಗೆ ಏನೂ ಹೇಳಿರಲಿಲ್ಲ; ಆದರೆ ಹೇಳಿದವನನ್ನೂ ಹೀಗೆಯೇ ಬಿಡುತ್ತಿದ್ದರು. ಸೈಕಲ್ಲು ತಿರುಗಿಸಿದೆ.

ಬೆಳಗಾವಿಗೆ ಬಂದವನು ಮನೆಗೆ ಹೋಗದೆ ಸ್ಟುಡಿಯೋಗೆ ಹೋದೆ. ಬಾಗಿಲ ಬಳಿ ಅವರ ಗಾಜಿನ ಕಪಾಟು ಇತ್ತು. ಮದುವೆಯ ಜೋಡಿಗಳು, ಪೇಟದ ಮುದುಕರು, ಕುರ್ಚಿಯ ಮೇಲಿನ ಕೂಸುಗಳು. ನಡುವೆ ಒಂದು ಜಾಗ ಖಾಲಿ. ಹಿಂದಿನ ಬಟ್ಟೆಯಲ್ಲಿ ಬಿಸಿಲು ತಾಗದ ಚೌಕ ಅಚ್ಚ ಹಸಿರಾಗಿ ಉಳಿದಿತ್ತು.

"ನಿಮ್ಮ ಕುರಿ ಇದ್ದ ಜಾಗಾ ಅದು!" ಮಾಲೀಕರು ನಗುತ್ತಲೇ ಹೊರಗೆ ಬಂದರು. "ದೊಡ್ಡದ ಮಾಡಿ ಇಟ್ಟಿದ್ದೆ. ಒಬ್ಬ ಪೊಲೀಸ ಸಾಹೇಬ್ರು ಮಗಳ ಫೋಟೋ ತಗಸಾಕ ಬಂದಾವ್ರು ಬಹಳ ಮೆಚ್ಚಿ ಒಯ್ದ್ರು. ಯಾರ ತಗದದ್ದು, ಎಲ್ಲಿ ಇರತಾರ, ಯಾವ ಬಸ್ಸಿಗೆ ಹೋಗತಾರ, ಎಲ್ಲಾ ಕೇಳಿದ್ರು. ತಗದವ್ರ ಹೆಸರ ಮುಚ್ಚಿಡಬಾರದಲ್ರಿ. ಎಲ್ಲಾ ಹೇಳೇನಿ."

ನಾನು ಅವರ ಮುಖವನ್ನೇ ನೋಡಿದೆ. ಅಷ್ಟು ಮುಗ್ಧರೇ ಇವರು? ಸಾಹೇಬರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಇಷ್ಟು ದಿನ ನನಗೊಂದು ಮಾತು ಹೇಳಿ ಕಳಿಸದೆ ಸುಮ್ಮನಿದ್ದರಲ್ಲ? ಇವತ್ತಿಗೂ ಅದು ನನಗೆ ಬಗೆಹರಿದಿಲ್ಲ. ನೆಗೆಟಿವ್ ಕೇಳಿ ಇಸಿದುಕೊಂಡೆ. ಮುಂದೆ ಅಲ್ಲಿ ಫಿಲ್ಮು ಕೊಡಲಿಲ್ಲ.

ಎರಡು ದಿನದ ರಜೆ ಹಾಕಿ ಮತ್ತೆ ಮೂಡಲಗಿಗೆ ಹೋದೆ. ಕಾಕಾನ ಕೈಯಲ್ಲಿ ನೆಗೆಟಿವ್ ಇಟ್ಟು, ಸ್ಟುಡಿಯೋದ ಕತೆ ಹೇಳಿದೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದರು.

"ಕರಿ ಕುರಿ ಬೆಳ್ಳಗ ಕಾಣತಾವಲ್ರಿ," ಎಂದರಷ್ಟೇ. ಆಮೇಲೆ ಹೆಂಡತಿಯನ್ನು ಕರೆದು, "ತಗೋ, ಒಲ್ಯಾಗ ಹಾಕು," ಎಂದರು.

ಆಕೆ ಬೆಳಕಿಗೆ ಹಿಡಿದು, ಎಲ್ಲಿ ತಮ್ಮ ಎಂದು ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ. ಗುರುತು ಸಿಕ್ಕಿತೋ ಇಲ್ಲವೋ. "ತಮ್ಮನ್ನ ಒಲ್ಯಾಗ ಹಾಕೂದಿಲ್ಲ ನಾ," ಎಂದು ಸೆರಗಿನಲ್ಲಿ ಸುತ್ತಿ ಒಳಗೆ ಒಯ್ದರು.

ಅವತ್ತು ಕಾಕಾ ಯಂತ್ರ ಬಿಚ್ಚಲು ಬಿಟ್ಟರು. ಆದರೆ ನಾನು ತಗಡು ತೆಗೆಯುವ ಮೊದಲು, "ಅದೊಂದ ನಾ ಗುಡಿಸೇನಿ, ಬಿಡ್ರಿ," ಎಂದರು. ಮುಂದೆಯೂ ನಾನು ಹೋದಾಗೆಲ್ಲ ಕೆಲಸ ಮುಗಿಯುವವರೆಗೆ ನನ್ನ ಬಾಜೂ ನಿಂತೇ ಇರುತ್ತಿದ್ದರು. ಬೆಲ್ಲ ಕೊಡುತ್ತಿದ್ದರು, ಸುದ್ದಿ ಹೇಳುತ್ತಿರಲಿಲ್ಲ.

ಆಕೆಯ ತಮ್ಮ ಸುಮಾರು ವರ್ಷದ ಮೇಲೆ ಬಿಡುಗಡೆಯಾಗಿ ಬಂದ. ಅಂಗಡಿಯಲ್ಲೇ ಭೇಟಿಯಾದ. ಸಾಲಿ ಮಾಸ್ತರನಾಗಿದ್ದವನಂತೆ. ಬೂಟಿನ ಕಾಲಿನವನು ಅಂದು ಬರಿಗಾಲಿನಲ್ಲಿ ಒದ್ದಾಡಿದ್ದೇಕೆಂದು ಆಗ ತಿಳಿಯಿತು. ನಾನು ಕ್ಷಮೆ ಕೇಳಲು ಶುರು ಮಾಡಿದರೆ ಕೈ ಆಡಿಸಿಬಿಟ್ಟ.

"ನಿಮ್ಮ ಫೋಟೋದಿಂದ ನನ್ನ ಹಿಡದಿಲ್ರಿ. ಹುಕ್ಕೇರ್ಯಾಗ ಮಗಗ ಜ್ವರಾ ಬಂದಿತ್ತು, ನೋಡಾಕ ಹ್ವಾದೆ. ಓಣಿ ಮಂದಿನ ಗುರತ ಹಿಡದ್ರು. ನಿಮ್ಮ ಫೋಟೋ ಅವ್ರಿಗೆ ಸಿಕ್ಕದ್ದು ಆಮ್ಯಾಲೆ."

ಕಾಕಾ ಬಟ್ಟೆಯ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ತಲೆ ಎತ್ತಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ. ಒಂದು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದ್ದಕ್ಕೆ ಏನೂ ಆಧಾರವಿರಲಿಲ್ಲ.

"ಹಂಗಾರ ಆ ಫೋಟೋ ಪೊಲೀಸರಿಗೆ ಉಪಯೋಗ ಆಗಲೇ ಇಲ್ಲ?" ಎಂದೆ, ಸ್ವಲ್ಪ ಹಗುರಾಗಿ.

"ಆತಲ್ರಿ. ಕುರುಬರನ್ನ ಹುಡಕಾಕ. ಮರಿ ಹೊತ್ತಕೊಂಡ ನಿಂತಾನಲ್ಲ ಮುದುಕ, ಅವನ್ನ ನಾಕ ದಿವಸ ಠಾಣ್ಯಾಗ ಕೂಡಿಸಿದ್ರು. ನನ್ನ ಹೊಳಿ ದಾಟಿಸಿದ್ದಕ್ಕ."

ಆ ಮುದುಕನ ಬಗ್ಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಫೋಟೋದ ನಟ್ಟನಡುವೆ ನಿಂತವನು ಅವನೇ.

ಮಾರನೆಯ ದಿನ ಮೇಲವಂಕಿಯಲ್ಲಿ ಇಳಿದು ಕೇಳಿಕೊಂಡು ಹೋದೆ. ಹೊಲವೊಂದರಲ್ಲಿ ಅವರ ಕುರಿಹಟ್ಟಿ ಬೀಡುಬಿಟ್ಟಿತ್ತು. ನಾಯಿ ದೂರದಿಂದಲೇ ತಡೆಯಿತು. ಮುದುಕ ಎದ್ದು ನಿಂತ, ನಾಯಿಯನ್ನು ಕರೆಯಲಿಲ್ಲ.

"ಅಜ್ಜಾ, ಹೋದ ವರ್ಷ ಹೊಳ್ಯಾಗ ನಿಮ್ಮ ಫೋಟೋ ತಗದಾಂವ ನಾನ. ನನ್ನಿಂದ ನಿಮಗ ತ್ರಾಸ ಆತಂತ ಕೇಳಿದೆ."

"ನಾ ಹೊಳಿ ದಾಟೇ ಇಲ್ಲ," ಎಂದ.

"ನಾ ಪೊಲೀಸರಾಂವ ಅಲ್ಲ ಅಜ್ಜಾ."

"ಆ ಕುರಿ ನಮ್ಮವಲ್ಲ. ಅದರಾಗ ಇದ್ದಾಂವ ನಾ ಅಲ್ಲ. ನಮ್ಮ ಪೈಕಿ ಯಾರೂ ಅಲ್ಲ."

ಒಂದೇ ದನಿಯಲ್ಲಿ, ಒಂದೇ ಉಸಿರಿಗೆ ಹೇಳಿದ. ನಾಲ್ಕು ದಿನವೂ ಇದನ್ನೇ ಹೇಳಿರಬೇಕು. ಆ ಟಗರು ಅವನ ಹಿಂದೆಯೇ ಮೆಲುಕು ಹಾಕುತ್ತ ಮಲಗಿತ್ತು. ಅದರ ಮುರಿದ ಎಡಗೋಡನ್ನು ನಾನು ಪಾಟಿಯಷ್ಟು ದೊಡ್ಡ ಫೋಟೋದಲ್ಲಿ ನೋಡಿದ್ದೆ. ತಂದಿದ್ದ ಎಲೆಯಡಿಕೆಯ ಪೊಟ್ಟಣವನ್ನು ಅಲ್ಲೇ ಬದುವಿನ ಮೇಲಿಟ್ಟು ತಿರುಗಿದೆ. ಸ್ವಲ್ಪ ದೂರ ಹೋಗಿ ನೋಡಿದರೆ ಮುದುಕ ಇನ್ನೂ ನಿಂತೇ ಇದ್ದ, ಪೊಟ್ಟಣ ಮುಟ್ಟಿರಲಿಲ್ಲ.

ಯುದ್ಧ ಮುಗಿದ ಮೇಲೆ ಕ್ಯಾಮೆರಾ ತಿರುಗಿ ಬಂತು. ಗುಂಡಿ ಒತ್ತಿದರೆ ಸಿಕ್ಕಿಕೊಳ್ಳುತ್ತಿತ್ತು. ಯಂತ್ರದ ಎಣ್ಣೆ ಬಿಟ್ಟು ನಾನೇ ಸರಿ ಮಾಡಿದೆ. ಫೇರಿಗೆ ಮತ್ತೆ ಒಯ್ಯತೊಡಗಿದೆ. ಈಗ ಮೊದಲು ಹೋಗಿ, ನಾನು ಇಂಥವನು, ಫೋಟೋ ತೆಗೆಯಲೇ ಎಂದು ಕೇಳುತ್ತಿದ್ದೆ. ಬಹಳ ಮಂದಿ ಬೇಡ ಎನ್ನುತ್ತಿದ್ದರು. ಯಾಕೆ ಎಂದು ನಾನು ಕೇಳುತ್ತಿರಲಿಲ್ಲ.